ಪೌಚ್ ಪ್ರಿಂಟ್ ಮಾಡಿಸುವ ಮೊದಲು ಹೆಸರು ಯಾರದ್ದೆಂದು ನೋಡಿಕೊಳ್ಳಿ

ನಾನು ಹುಬ್ಬಳ್ಳಿಯಲ್ಲಿ ಲೇಬಲ್ ಮತ್ತು ಪೌಚ್ ಡಿಸೈನ್ ಮಾಡುತ್ತೇನೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಮಸಾಲೆ ಖಾರ, ಉಪ್ಪಿನಕಾಯಿ ಮಾಡುವವರೇ ನನ್ನ ಬಳಿ ಜಾಸ್ತಿ ಬರುತ್ತಾರೆ. ಮನೆಯಿಂದ ಶುರು ಮಾಡಿದ ಹೆಣ್ಣುಮಕ್ಕಳು, ಸ್ತ್ರೀಶಕ್ತಿ ಸಂಘದವರು, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಹುಡುಗರು. ಬಣ್ಣ, ಅಕ್ಷರ, ಫೋಟೊ ಮಾತಿಗೆ ಮೊದಲು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: "ಹೆಸರು ಚೆಕ್ ಮಾಡೀರೇನು?"

"ಜಿಎಸ್‌ಟಿ ಆಗೇದ್ರಿ ಅಕ್ಕಾರ, ಅದೇ ಹೆಸರಿಗೆ ಬಂದೈತಿ" ಅನ್ನುತ್ತಾರೆ. ಹೆಸರು ತಮ್ಮದಾಯಿತು ಎಂದು ನಂಬಿಕೊಂಡೇ ಬಂದಿರುತ್ತಾರೆ.

ಆಗಿರುವುದಿಲ್ಲ. ಜಿಎಸ್‌ಟಿ ನಂಬರ್ ಇರುವುದು ತೆರಿಗೆಗೆ. ಉದ್ಯಮ್ ಸರ್ಟಿಫಿಕೇಟ್ ಇರುವುದು ನಿಮ್ಮದು ಸಣ್ಣ ಉದ್ಯಮ ಎಂದು ಹೇಳುವುದಕ್ಕೆ. ಎಫ್‌ಎಸ್‌ಎಸ್‌ಎಐ ನಂಬರ್ ಆಹಾರದ ಸುರಕ್ಷತೆಗೆ. ಇವನ್ನು ಕೊಡುವವರು ನಿಮ್ಮ ಹೆಸರು ಮತ್ತೊಬ್ಬರ ಮಾಲಿನ ಗುರುತೋ, ಅಂದರೆ ಟ್ರೇಡ್‌ಮಾರ್ಕೋ ಅಲ್ಲವೋ ಎಂದು ಹುಡುಕಿ ಕೊಡುವುದಿಲ್ಲ. ವೆಬ್‌ಸೈಟ್ ವಿಳಾಸ ಸಿಕ್ಕಿತು, ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರು ಖಾಲಿ ಇತ್ತು ಅನ್ನುವುದಕ್ಕೂ ಇದೇ ಮಾತು. ಕಂಪನಿ ನೋಂದಣಿ ಮಾಡಿಸುವಾಗ ಹೆಸರಿನ ಪರಿಶೀಲನೆ ಇದೆ, ನಿಜ. ಆದರೆ ಅಲ್ಲಿ ಪಾಸಾದ ಮೇಲೂ ತೊಂದರೆ ಬರಬಹುದು. 2013ರ ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಅದೇ ಹೆಸರಿನ ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದವರು ಮೂರು ವರ್ಷದೊಳಗೆ ಅರ್ಜಿ ಹಾಕಿದರೆ ನಿಮ್ಮ ಕಂಪನಿ ಹೆಸರನ್ನೇ ಬದಲಾಯಿಸುವ ಆದೇಶ ಬರಬಹುದು.

ಹೆಸರಿನ ಹಕ್ಕು ಇರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ. ಹಾಗಾಗಿ ಹುಡುಕಬೇಕಾದದ್ದೂ ಅಲ್ಲಿಯೇ. ಇದನ್ನು ಪ್ರಿಂಟಿಂಗ್‌ಗೆ ಮೊದಲೇ ಮಾಡಿ ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಪ್ರಿಂಟೆಡ್ ಪೌಚ್‌ಗೆ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್, ಅಂದರೆ ಅಚ್ಚಿನ ಉರುಳೆ, ಮಾಡಿಸಬೇಕು. ಹೆಸರು ಬದಲಾದರೆ ಆ ಹೆಸರು ಕೊರೆದ ಸಿಲಿಂಡರ್ ದಂಡ, ಪ್ರಿಂಟ್ ಆದ ರೋಲ್ ದಂಡ. ಚಟ್ನಿ ಪುಡಿ ಮಾರಿ ಆ ದುಡ್ಡು ವಾಪಸ್ ತೆಗೆಯುವುದು ಸುಲಭದ ಮಾತಲ್ಲ.

ಅಂಗಡಿಯಲ್ಲಿ ಕೇಳುವ ಗಿರಾಕಿಯ ಕಿವಿ

"ನಮ್ಮ ಸ್ಪೆಲ್ಲಿಂಗ್ ಬೇರೆ ಐತ್ರಿ" ಅನ್ನುವವರು ಬಹಳ. ಒಂದು ಎಚ್ ಸೇರಿಸಿದರೆ, ಒಂದು ಎ ಜಾಸ್ತಿ ಹಾಕಿದರೆ ಹೆಸರು ಬೇರೆ ಆಗುತ್ತದೆ ಎಂದು ಅವರ ಲೆಕ್ಕ. ಆದರೆ ದುರ್ಗದಬೈಲಿನ ಕಿರಾಣಿ ಅಂಗಡಿಯಲ್ಲಿ ನಿಂತು ನೋಡಿ. ಗಿರಾಕಿ ಸ್ಪೆಲ್ಲಿಂಗ್ ಹೇಳುವುದಿಲ್ಲ. "ಅದೇ, ಹೋದ ಸಲ ಕೊಟ್ಟಿದ್ರಲ್ಲ" ಎಂದು ಅರ್ಧ ನೆನಪಿನಲ್ಲಿ ಹೆಸರು ಹೇಳುತ್ತಾರೆ. ಅಂಗಡಿಯವರು ಕೇಳಿಸಿದಷ್ಟನ್ನು ಹಿಡಿದು ಪ್ಯಾಕೆಟ್ ತೆಗೆದು ಕೊಡುತ್ತಾರೆ. ಆ ಹೊತ್ತಿಗೆ ನಿಮ್ಮ ಹೆಸರು ಮತ್ತೊಂದು ಹೆಸರಿನಂತೆ ಕೇಳಿಸಿತೋ ಇಲ್ಲವೋ, ಪ್ರಶ್ನೆ ಅಷ್ಟೇ.

ನ್ಯಾಯಾಲಯಗಳು ನೋಡುವುದೂ ಹೀಗೆಯೇ. ಸುಪ್ರೀಂ ಕೋರ್ಟಿನ ಹಳೆಯ ತೀರ್ಪು ಒಂದಿದೆ, ಅಮೃತಧಾರಾ ಪ್ರಕರಣದ್ದು. ಅಮೃತಧಾರಾ ಅನ್ನುವ ಔಷಧ ಮೊದಲಿನಿಂದ ಇತ್ತು. ಮತ್ತೊಬ್ಬರು ಲಕ್ಷ್ಮಣಧಾರಾ ಅನ್ನುವ ಹೆಸರಿಗೆ ನೋಂದಣಿ ಕೇಳಿದರು. ಬರೆದು ನೋಡಿದರೆ ಅಮೃತ ಬೇರೆ, ಲಕ್ಷ್ಮಣ ಬೇರೆ. ಆದರೆ ಕೋರ್ಟ್ ನೋಡಿದ್ದು ಪೂರ್ತಿ ನೆನಪಿಲ್ಲದ ಸಾಮಾನ್ಯ ಗಿರಾಕಿಯ ಕಣ್ಣಿನಿಂದ, ಕಿವಿಯಿಂದ. ಎರಡೂ ಒಟ್ಟಾರೆ ಒಂದೇ ಥರ ಕೇಳಿಸುತ್ತವೆ, ಜನ ಗೊಂದಲಕ್ಕೆ ಬೀಳಬಹುದು ಎಂದಿತು. ಹೆಸರುಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಹೆಸರಿನ ಮುಂದೆ ಇನ್ನೊಂದು ಪದ ಅಂಟಿಸಿದರೂ ಭದ್ರತೆ ಸಿಗುವುದಿಲ್ಲ. ಬೆಂಗಳೂರು ಮತ್ತು ಪುಟ್ಟಪರ್ತಿಯಲ್ಲಿ 'ಸಾಯಿ ರಿನೈಸಾನ್ಸ್' ಅನ್ನುವ ಹೋಟೆಲ್ ಇತ್ತು. ರಿನೈಸಾನ್ಸ್ ಅನ್ನುವ ಅಂತರರಾಷ್ಟ್ರೀಯ ಹೋಟೆಲಿನವರು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರಿಗೆ ಸೋಲಾಯಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ನೋಂದಾಯಿತ ಹೆಸರನ್ನು ಹಾಗೇ ತೆಗೆದುಕೊಂಡು ಅದೇ ವ್ಯವಹಾರಕ್ಕೆ ಬಳಸಿದ್ದು ಉಲ್ಲಂಘನೆಯೇ ಎಂದಿತು. ಆದ್ದರಿಂದ ಶ್ರೀ, ನ್ಯೂ, ನಮ್ಮ, ಹೋಮ್, ಫುಡ್ಸ್ ಇಂಥವನ್ನೆಲ್ಲ ತೆಗೆದುಹಾಕಿ. ಉಳಿದ ಪದ ಯಾವುದೋ ಅದೇ ನಿಮ್ಮ ನಿಜವಾದ ಹೆಸರು. ಹುಡುಕಬೇಕಾದದ್ದು ಅದನ್ನು.

ಯಾವ ಥರದ ಹೆಸರು ಬೇಕು

ಬಹಳ ಜನ ಮಾಲನ್ನೇ ಹೇಳುವ ಹೆಸರು ತರುತ್ತಾರೆ. ಶುದ್ಧ, ರುಚಿ, ಮನೆಯೂಟ, ಉತ್ತರ ಕರ್ನಾಟಕ ಖಾರ, ಹುಬ್ಬಳ್ಳಿ ಚಟ್ನಿ. ಕೇಳಿದ ಕೂಡಲೇ ಏನು ಮಾರುತ್ತಾರೆ ಎಂದು ತಿಳಿಯುತ್ತದೆ ಅನ್ನುವುದು ಅವರ ವಾದ. ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಇಂಥವಕ್ಕೇ ಅಡ್ಡ ನಿಲ್ಲುತ್ತದೆ. ಮಾಲಿನ ಬಗೆ, ಗುಣ, ಪ್ರಮಾಣ, ಹುಟ್ಟಿದ ಊರು ಇಷ್ಟನ್ನೇ ಹೇಳುವ ಪದವನ್ನು ಒಬ್ಬರಿಗೇ ಬರೆದುಕೊಡಲು ಬರುವುದಿಲ್ಲ. ವರ್ಷಾನುಗಟ್ಟಲೆ ಮಾರಿ, ಆ ಪದ ಅಂದರೆ ನಿಮ್ಮ ಮಾಲೇ ಎಂದು ಜನ ಗುರುತಿಸುವಂತಾದರೆ ಮಾತ್ರ ದಾರಿ ಇದೆ. ಹೊಸಬರಿಗೆ ಆ ದಾರಿ ಇಲ್ಲ. ಇಂಥ ಹೆಸರಿನಿಂದ ಎರಡು ಕಷ್ಟ: ನಿಮಗೆ ನೋಂದಣಿ ಸಿಗುವುದಿಲ್ಲ, ನಾಳೆ ಎದುರುಮನೆಯವರು ಅದೇ ಹೆಸರಿಟ್ಟರೆ ತಡೆಯಲೂ ಆಗುವುದಿಲ್ಲ.

ದೇವರ ಹೆಸರಿನದು ಇನ್ನೊಂದು ಕಥೆ. "ನಮ್ಮ ಮನೀ ದೇವರ ಹೆಸರ್ರಿ, ಯಾರು ಕೇಳ್ತಾರ?" ಅನ್ನುತ್ತಾರೆ. ದೇವರ ಹೆಸರನ್ನು ಇಡಬಾರದು ಎಂದಲ್ಲ. ಆದರೆ ಅದೇ ಮನೆದೇವರು ಸಾವಿರಾರು ಮನೆಗಳಿಗೆ ಇರುತ್ತಾರೆ, ಅವರಲ್ಲಿ ಮಸಾಲೆ ಮಾಡುವವರೂ ಇರುತ್ತಾರೆ. ಅಗರಬತ್ತಿಗೆ 'ರಾಮಾಯಣ' ಅನ್ನುವ ಹೆಸರು ತನಗೊಬ್ಬನಿಗೇ ಬೇಕು ಎಂದು ಒಬ್ಬರು ಸುಪ್ರೀಂ ಕೋರ್ಟಿನವರೆಗೆ ಹೋದರು. ಧರ್ಮಗ್ರಂಥದ ಹೆಸರನ್ನು ಹಾಗೆ ಒಬ್ಬರಿಗೆ ಕೊಡಲು ಬರುವುದಿಲ್ಲ ಎಂದು 2015ರಲ್ಲಿ ತೀರ್ಪಾಯಿತು. ದೇವರ ಫೋಟೊ ಪ್ಯಾಕೆಟ್ಟಿನ ಮೂಲೆಯಲ್ಲಿ ಸಣ್ಣದಾಗಿ ಇರಲಿ, ಹೆಸರು ಬೇರೆ ಇರಲಿ ಎಂದು ನಾನು ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಊರಿನ ಹೆಸರಿಗೆ ಇನ್ನೂ ಒಂದು ಎಚ್ಚರಿಕೆ ಬೇಕು. ಬ್ಯಾಡಗಿ ಮೆಣಸಿನಕಾಯಿ, ಧಾರವಾಡ ಪೇಡಾ ಇವು ಭೌಗೋಳಿಕ ಸೂಚಕ, ಅಂದರೆ ಆಯಾ ಊರಿಗೇ ಸೇರಿದ ಮಾಲು ಎಂದು ಗುರುತಿಸುವ ಜಿಐ ಪಟ್ಟಿಯಲ್ಲಿ ಇವೆ. ಬೇರೆ ಕಡೆಯ ಮೆಣಸಿನಕಾಯಿ ಕುಟ್ಟಿ ಪ್ಯಾಕೆಟ್ ಮೇಲೆ 'ಬ್ಯಾಡಗಿ' ಎಂದು ಹಾಕಿದರೆ ಅದು ಬೇರೆ ಕಾಯ್ದೆಯ ಉಲ್ಲಂಘನೆ. ನಿಜವಾಗಿ ಬ್ಯಾಡಗಿ ಮೆಣಸಿನಕಾಯಿಯನ್ನೇ ಬಳಸಿದ್ದರೆ ಪ್ಯಾಕೆಟ್ಟಿನಲ್ಲಿ ಅದನ್ನು ಹೇಳಿ, ಬ್ರ್ಯಾಂಡ್ ಹೆಸರು ಮಾತ್ರ ನಿಮ್ಮದೇ ಇರಲಿ.

ಹಾಗಾದರೆ ಏನಿಡಬೇಕು? ಮಾಲಿಗೂ ಹೆಸರಿಗೂ ಸಂಬಂಧವೇ ಇಲ್ಲದ ಪದ ಒಳ್ಳೆಯದು. ನೀವೇ ಕಟ್ಟಿದ ಹೊಸ ಪದವಾದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಹೊಲಗಳಿಗೂ ಹೆಸರಿರುತ್ತವೆ, ಮನೆತನಕ್ಕೆ ಅಡ್ಡಹೆಸರಿರುತ್ತವೆ, ಅಜ್ಜಿಯನ್ನು ಕರೆಯುವ ಹೆಸರು ಮನೆಮನೆಗೂ ಬೇರೆ. ಹೊಸ ಹೆಸರು ಬೇಕೆಂದವರಿಗೆ ನಾನು ಮೊದಲು ಕೇಳುವುದು "ನಿಮ್ಮ ಹೊಲಕ್ಕ ಏನಂತೀರಿ?" ಎಂದು. ಕೇಳಿದರೆ ಎಷ್ಟು ಚೆಂದದ ಪದಗಳು ಹೊರಗೆ ಬರುತ್ತವೆ ಗೊತ್ತಾ! ಯಾವ ದೊಡ್ಡ ಕಂಪನಿಯವರಿಗೂ ಹೊಳೆಯದ ಪದಗಳು ಇವು. ಒಂದೇ ಹೆಸರಿಗೆ ಮನಸ್ಸು ಕೊಡಬೇಡಿ. ನಾಲ್ಕೈದು ಬರೆದುಕೊಂಡು ಬನ್ನಿ, ಹುಡುಕಿದಾಗ ಒಂದೆರಡು ಬಿದ್ದುಹೋಗುತ್ತವೆ.

ಹುಡುಕುವುದು ಹೇಗೆ

ಐಪಿ ಇಂಡಿಯಾ ಅನ್ನುವ ಸರ್ಕಾರಿ ವೆಬ್‌ಸೈಟ್‌ನಲ್ಲಿ ಟ್ರೇಡ್‌ಮಾರ್ಕ್ ವಿಭಾಗಕ್ಕೆ ಹೋಗಿ. ಅಲ್ಲಿ ಪಬ್ಲಿಕ್ ಸರ್ಚ್ ಇದೆ. ದುಡ್ಡು ಕೊಡಬೇಕಿಲ್ಲ. ಮೂರು ಬಗೆಯಲ್ಲಿ ಹುಡುಕಬಹುದು: ವರ್ಡ್‌ಮಾರ್ಕ್, ಫೊನೆಟಿಕ್, ವಿಯೆನ್ನಾ ಕೋಡ್. ಮೊದಲನೆಯದು ಅಕ್ಷರಕ್ಕೆ, ಎರಡನೆಯದು ಉಚ್ಚಾರಣೆಗೆ, ಮೂರನೆಯದು ಚಿತ್ರಕ್ಕೆ.

ಹುಡುಕುವ ಮೊದಲು ಕ್ಲಾಸ್ ತಿಳಿದಿರಬೇಕು. ಎಲ್ಲ ಮಾಲು ಮತ್ತು ಸೇವೆಗಳನ್ನು 45 ಕ್ಲಾಸ್ ಮಾಡಿದ್ದಾರೆ, 1ರಿಂದ 34 ಮಾಲು, 35ರಿಂದ 45 ಸೇವೆ. ಮಸಾಲೆ, ಹಿಟ್ಟು, ರೊಟ್ಟಿ, ಚಹಾ, ಸಿಹಿತಿಂಡಿ 30ರಲ್ಲಿ. ಉಪ್ಪಿನಕಾಯಿ, ತುಪ್ಪ, ಅಡುಗೆ ಎಣ್ಣೆ 29ರಲ್ಲಿ. ಖಾನಾವಳಿ, ಹೋಟೆಲ್ 43ರಲ್ಲಿ. ಅಂಗಡಿ ಇಟ್ಟು ಮಾರುವ ವ್ಯಾಪಾರ 35ರಲ್ಲಿ. ಅಗರಬತ್ತಿ, ಸಾಬೂನು 3ರಲ್ಲಿ, ಬಟ್ಟೆ 25ರಲ್ಲಿ. ಚಟ್ನಿ ಪುಡಿ ಮಾಡುವವರು 30 ಒಂದನ್ನೇ ನೋಡಿ ಎದ್ದುಹೋಗಬಾರದು. 29, 30, 35, 43 ನಾಲ್ಕನ್ನೂ ನೋಡಬೇಕು. ನಾಳೆ ಉಪ್ಪಿನಕಾಯಿ ಮಾಡುವ ಆಸೆ ಇಲ್ಲದವರು ಯಾರಿದ್ದಾರೆ?

ಉದಾಹರಣೆಗೆ 'ತೊಟ್ಟಿಲು' ಎಂದು ಇಡಬೇಕೆಂದುಕೊಂಡಿದ್ದೀರಿ ಅನ್ನೋಣ. ಇಂಗ್ಲಿಷಿನಲ್ಲಿ ಒಬ್ಬರು ಟಿ-ಎಚ್‌ನಿಂದ ಶುರು ಮಾಡುತ್ತಾರೆ, ಇನ್ನೊಬ್ಬರು ಬರೀ ಟಿಯಿಂದ. ನಡುವೆ ಒಬ್ಬರು ಎರಡು ಟಿ ಹಾಕುತ್ತಾರೆ, ಒಬ್ಬರು ಒಂದೇ. ಕೊನೆಗೆ ಯು, ಇಲ್ಲವೇ ಡಬಲ್ ಓ. ಇವನ್ನೆಲ್ಲ ಒಂದೊಂದಾಗಿ ಹಾಕಿ. 'ಸ್ಟಾರ್ಟ್ಸ್ ವಿತ್' ಆಯ್ಕೆಗಿಂತ 'ಕಂಟೇನ್ಸ್' ಆಯ್ಕೆ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಹಿಂದೆ ಮುಂದೆ ಏನೇ ಪದವಿದ್ದರೂ ಸಿಕ್ಕಿಬೀಳುತ್ತದೆ. ಪೂರ್ತಿ ಹೆಸರಿನ ಬದಲು ನಡುವಿನ ನಾಲ್ಕೈದು ಅಕ್ಷರ ಮಾತ್ರ ಹಾಕಿದರೆ ಇನ್ನೂ ಚೆನ್ನ. ಆಮೇಲೆ ಫೊನೆಟಿಕ್‌ನಲ್ಲಿ ಹುಡುಕಿ. ಅದರಲ್ಲಿ ಸಂಬಂಧವಿಲ್ಲದ ಹೆಸರುಗಳೂ ಉದ್ದಕ್ಕೆ ಬರುತ್ತವೆ. ಬೇಸರ ಮಾಡಿಕೊಳ್ಳದೆ ಒಂದೊಂದನ್ನೂ ಜೋರಾಗಿ ಓದಿ. ಮನೆಯವರೊಬ್ಬರನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ, ಕೇಳಿಸಿದ್ದನ್ನು ಬರೆಯಲು ಹೇಳಿ. ಅವರು ನಿಮ್ಮ ಹೆಸರನ್ನೇ ಬರೆದರೆ ಆ ಸಾಲಿಗೆ ಗುರುತು ಹಾಕಿಕೊಳ್ಳಿ.

ಗುರುತು ಹಾಕಿದ್ದನ್ನು ತೆರೆದು ಮೂರು ವಿಷಯ ನೋಡಬೇಕು. ಯಾವ ಮಾಲಿಗೆ ತೆಗೆದುಕೊಂಡಿದ್ದಾರೆ, ಯಾವಾಗಿನಿಂದ ಬಳಸುತ್ತಿದ್ದೇವೆ ಎಂದು ಬರೆದಿದ್ದಾರೆ, ಈಗಿನ ಸ್ಥಿತಿ ಏನು. 'ರಿಜಿಸ್ಟರ್ಡ್' ಎಂದಿದ್ದು ಮಾಲೂ ನಿಮ್ಮದೇ ಆಗಿದ್ದರೆ ಆ ಹೆಸರನ್ನು ಅಲ್ಲಿಗೇ ಬಿಡಿ. 'ಆಬ್ಜೆಕ್ಟೆಡ್', 'ಅಪೋಸ್ಡ್' ಎಂದಿದ್ದರೆ ಅದು ಸತ್ತ ಅರ್ಜಿಯಲ್ಲ, ಇನ್ನೂ ನಡೆಯುತ್ತಿರುವ ಅರ್ಜಿ. ನಿಮಗಿಂತ ಮೊದಲು ಹಾಕಿದ್ದಾರೆ, ನೆನಪಿರಲಿ. 'ಅಬ್ಯಾಂಡನ್ಡ್' ಎಂದು ಕಂಡ ಕೂಡಲೇ ಖುಷಿಪಡುವವರಿದ್ದಾರೆ. ಅವರು ಅರ್ಜಿಯನ್ನು ಕೈಬಿಟ್ಟಿರಬಹುದು, ವ್ಯಾಪಾರವನ್ನು ಬಿಟ್ಟಿರಬೇಕೆಂದೇನಿಲ್ಲ.

ಟಾಟಾದಂಥ ಹೆಸರು ಯಾವ ಕ್ಲಾಸಿನಲ್ಲೂ ಬೇಡ. ಸುಪ್ರಸಿದ್ಧ ಎಂದು ಘೋಷಣೆಯಾದ ಹೆಸರುಗಳಿಗೆ ಬೇರೆ ಮಾಲಿನ ಮೇಲೂ ರಕ್ಷಣೆ ಇದೆ.

"ಹಂಗಾದ್ರ ನಂದಿನಿ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಈ ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅರ್ಧ ಕೇಳಿ ಧೈರ್ಯ ತಂದುಕೊಂಡವರನ್ನು ಬಹಳ ನೋಡಿದ್ದೇನೆ. ಕೆಎಂಎಫ್ 1985ರಿಂದ ನಂದಿನಿ ಹೆಸರಿನಲ್ಲಿ ಹಾಲು ಮಾರುತ್ತಿತ್ತು. 1989ರಲ್ಲಿ ನಂದಿನಿ ಡಿಲಕ್ಸ್ ಹೋಟೆಲ್ ಶುರುವಾಯಿತು, ಇಂಗ್ಲಿಷಿನಲ್ಲಿ ನಡುವೆ ಒಂದು ಎಚ್ ಜಾಸ್ತಿ. ಹೋಟೆಲಿನವರು ತಮ್ಮ ಆಹಾರ ಪದಾರ್ಥಗಳಿಗೆ ನೋಂದಣಿ ಕೇಳಿದಾಗ ಕೆಎಂಎಫ್ ವಿರೋಧಿಸಿತು. ರಿಜಿಸ್ಟ್ರಿ, ಅಂದರೆ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿ, 2007ರಲ್ಲಿ ಹೋಟೆಲಿನ ಪರ ಆದೇಶ ಕೊಟ್ಟಿತು. ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು, ಹೈಕೋರ್ಟ್ ಮಂಡಳಿಯ ಪರ ನಿಂತಿತು. ಕೊನೆಗೆ 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನವರ ಪರ ತೀರ್ಪು ಕೊಟ್ಟಿತು. ಒಂದೇ ಕ್ಲಾಸಿನಲ್ಲಿದ್ದರೂ ಮಾಲು ಬೇರೆ, ಚಿಹ್ನೆ ಬೇರೆ, ಎರಡೂ ದಶಕಗಳಿಂದ ಬೇರೆ ಬೇರೆಯಾಗಿ ನಡೆದುಬಂದಿವೆ ಎಂದಿತು. ಅದೂ ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು. ಇದರಿಂದ ಒಂದೇ ಕ್ಲಾಸ್ ಅಂದರೆ ಒಂದೇ ಮಾಲು ಅಲ್ಲ ಎಂದು ತಿಳಿಯುತ್ತದೆ. ಆದರೆ 2007ರಿಂದ 2018ರವರೆಗೆ ಕೋರ್ಟು ತಿರುಗುವ ಶಕ್ತಿ ಹೊಸದಾಗಿ ಚಟ್ನಿ ಪುಡಿ ಮಾಡುವವರಿಗೆ ಎಲ್ಲಿಂದ ಬರಬೇಕು? ಹೋಟೆಲಿನವರಿಗೆ ದಶಕಗಳ ವ್ಯಾಪಾರವೂ ಬೆನ್ನಿಗಿತ್ತು. ಗೆಲ್ಲಬಹುದಾದ ಹೆಸರು ಬೇಡ, ಜಗಳವೇ ಬಾರದ ಹೆಸರು ಬೇಕು.

ಪಟ್ಟಿಯಲ್ಲಿ ಇಲ್ಲದವರು

ರಿಜಿಸ್ಟ್ರಿಯಲ್ಲಿ ಹೆಸರಿಲ್ಲದವರಿಗೂ ಹಕ್ಕಿದೆ. ಮೊದಲಿನಿಂದ ಬಳಸಿ ಹೆಸರು ಗಳಿಸಿದವರು, ನೋಂದಣಿ ಇಲ್ಲದಿದ್ದರೂ ನಿಮ್ಮ ಮೇಲೆ ದಾವೆ ಹಾಕಬಹುದು. ಇದಕ್ಕೆ ಪಾಸಿಂಗ್ ಆಫ್ ಎನ್ನುತ್ತಾರೆ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ಗೊತ್ತಲ್ಲ? ಅದೇ ಹೆಸರಿಗೆ ಊರಿನ ಹೆಸರು ಸೇರಿಸಿ ಮತ್ತೊಬ್ಬರು ಮಾರತೊಡಗಿದರು. ಅವರ ಕೈಯಲ್ಲೂ ನೋಂದಣಿ ಇತ್ತು. ಮೊದಲು ಬಳಸಿದವರ ಹಕ್ಕು ನೋಂದಣಿಗಿಂತ ದೊಡ್ಡದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು.

ಹಾಗಾಗಿ ಪೇಟೆಯಲ್ಲೂ ಹುಡುಕಬೇಕು. ಗೂಗಲ್ ಮ್ಯಾಪ್ಸ್, ಅಮೆಜಾನ್, ಫ್ಲಿಪ್‌ಕಾರ್ಟ್, ಇಂಡಿಯಾಮಾರ್ಟ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎಲ್ಲ ಕಡೆ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ ನೋಡಿ. ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿ ಹೆಸರುಗಳನ್ನೂ ನೋಡಿ. ಆಮೇಲೆ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಡಿ. ಸಗಟು ಅಂಗಡಿಯವರಿಗೆ, ಲೈನ್ ಸೇಲ್ ಮಾಡುವ ಹುಡುಗರಿಗೆ ಗೊತ್ತಿರುವಷ್ಟು ಹೆಸರು ಯಾವ ವೆಬ್‌ಸೈಟ್‌ಗೂ ಗೊತ್ತಿಲ್ಲ. "ಅಣ್ಣಾರ, ಈ ಹೆಸರಿನ ಮಾಲು ಎಲ್ಲರ ಬರ್ತದೇನ್ರಿ?" ಎಂದರೆ ಗದಗ, ಬಾಗಲಕೋಟೆ, ಸೊಲ್ಲಾಪುರದವರೆಗಿನ ಲೆಕ್ಕ ಕೊಡುತ್ತಾರೆ.

ಅದರ ಹಾಗೇ ಮಾಡಿಕೊಡಿ ಎಂದರೆ

ಹೆಸರು ಬೇರೆ ಇಟ್ಟು, ಪ್ರಸಿದ್ಧ ಕಂಪನಿಯ ಪ್ಯಾಕೆಟ್ ಕೈಯಲ್ಲಿ ಹಿಡಿದು "ಸೇಮ್ ಇದರಂಗ ಮಾಡ್ರಿ" ಅನ್ನುವವರೂ ಬರುತ್ತಾರೆ. ನಾನು ಮಾಡುವುದಿಲ್ಲ. ಕರ್ನಾಟಕದ್ದೇ ಉದಾಹರಣೆ ಇದೆ. ಮೈಸೂರಿನ ಜೆ.ಪಿ. ಆ್ಯಂಡ್ ಕಂಪನಿ ಗ್ಲೂಕೋಸ್ ಬಿಸ್ಕತ್ತು ಮಾರುತ್ತಿತ್ತು. ಪಾರ್ಲೆಯವರ ಗ್ಲೂಕೋ ಬಿಸ್ಕತ್ತಿನ ಹೊದಿಕೆಯಲ್ಲಿ ಒಬ್ಬ ಹುಡುಗಿ, ಸುತ್ತ ದನ, ಕೋಳಿ. ಮೈಸೂರಿನವರ ಹೊದಿಕೆಯಲ್ಲೂ ಒಬ್ಬ ಹುಡುಗಿ, ತಲೆಯ ಮೇಲೆ ಹುಲ್ಲಿನ ಹೊರೆ, ಸುತ್ತ ದನ, ಕೋಳಿ. ಅಳತೆ, ಬಣ್ಣ ಹೆಚ್ಚುಕಡಿಮೆ ಒಂದೇ. 1972ರಲ್ಲಿ ಸುಪ್ರೀಂ ಕೋರ್ಟ್ ಪಾರ್ಲೆಯ ಪರ ತೀರ್ಪು ಕೊಟ್ಟಿತು. ಹುಡುಗಿಯ ಕೈಯಲ್ಲಿ ಏನಿದೆ ಎಂದು ಗಿರಾಕಿ ನೆನಪಿಟ್ಟುಕೊಳ್ಳುವುದಿಲ್ಲ, ಒಟ್ಟು ನೋಟವನ್ನಷ್ಟೇ ನೆನಪಿಡುತ್ತಾರೆ. ಡಿಸೈನ್ ಕಳಿಸುವ ಮೊದಲು ನಾನು ಪ್ಯಾಕೆಟ್ಟಿನ ಪ್ರಿಂಟ್ ತೆಗೆದು ಅಂಗಡಿ ಕಪಾಟಿನಲ್ಲಿ ಬೇರೆ ಪ್ಯಾಕೆಟ್‌ಗಳ ಜೊತೆ ಇಟ್ಟು, ದೂರ ನಿಂತು ನೋಡುತ್ತೇನೆ. ಹೆಸರು ಓದಲು ಆಗದಷ್ಟು ದೂರದಿಂದ ಇನ್ನೊಂದು ಬ್ರ್ಯಾಂಡ್ ಅನಿಸಿದರೆ ಬಣ್ಣ ಬದಲಾಯಿಸುತ್ತೇನೆ.

ಹೆಸರು ಉಳಿದ ಮೇಲೆ

ಎಲ್ಲ ಹುಡುಕಿ ಹೆಸರು ಉಳಿಯಿತು ಅನ್ನೋಣ. ಹತ್ತಿರ ಹತ್ತಿರದ ಹೆಸರೊಂದು ಕಾಡುತ್ತಿದ್ದರೆ ಈಗ ಟ್ರೇಡ್‌ಮಾರ್ಕ್ ಏಜೆಂಟ್ ಅಥವಾ ವಕೀಲರಿಗೆ ಫೀಸು ಕೊಟ್ಟು ಕೇಳಿ. ಸಿಲಿಂಡರ್ ಖರ್ಚಿನ ಮುಂದೆ ಅದು ಸಣ್ಣದು. ಏನೂ ಅಡ್ಡಿ ಇಲ್ಲದಿದ್ದರೆ ನೋಂದಣಿ ಅರ್ಜಿ, ಅಂದರೆ ಟಿಎಂ-ಎ ಫಾರ್ಮ್, ಆನ್‌ಲೈನ್‌ನಲ್ಲಿ ತುಂಬಿ. ಒಬ್ಬರ ಹೆಸರಿನಲ್ಲಿ ಅಥವಾ ಸಣ್ಣ ಉದ್ಯಮವಾಗಿ ಹಾಕಿದರೆ ಒಂದು ಕ್ಲಾಸಿಗೆ 4,500 ರೂಪಾಯಿ, ದೊಡ್ಡ ಸಂಸ್ಥೆಗೆ 9,000. ಉದ್ಯಮ್ ಸರ್ಟಿಫಿಕೇಟ್ ಉಪಯೋಗಕ್ಕೆ ಬರುವುದು ಇಲ್ಲಿ. ಕರ್ನಾಟಕದವರ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಲೋಗೊ ಆಗಾಗ ಬದಲಾಗುತ್ತದೆ, ಆದ್ದರಿಂದ ದುಡ್ಡು ಒಂದಕ್ಕೇ ಇದ್ದರೆ ಬರೀ ಪದಕ್ಕೆ ಹಾಕಿ. ಕನ್ನಡ ಅಕ್ಷರದಲ್ಲಿ ಹಾಕುವುದಾದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೊಡಬೇಕು.

ಕಚೇರಿಯವರು ಅರ್ಜಿ ನೋಡಿ ಕೊಡುವ ಪರೀಕ್ಷಾ ವರದಿಯಲ್ಲಿ ಆಕ್ಷೇಪಣೆ ಬಂದರೆ ಉತ್ತರ ಕೊಡಲು 30 ದಿನ. ಇಮೇಲ್ ನೋಡುವ ಅಭ್ಯಾಸ ಇಲ್ಲದವರು ಮನೆಯಲ್ಲಿ ಓದುವ ಮಗನಿಗೋ ಮಗಳಿಗೋ ಹೇಳಿಡಿ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ವಿರೋಧಿಸಲು ಬೇರೆಯವರಿಗೆ ನಾಲ್ಕು ತಿಂಗಳು ಇರುತ್ತದೆ. ನೋಂದಣಿ ಹತ್ತು ವರ್ಷಕ್ಕೆ, ಮತ್ತೆ ನವೀಕರಿಸಬಹುದು. ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ಟಿಎಂ ಎಂದು ಹಾಕಬಹುದು. ವೃತ್ತದೊಳಗಿನ ಆರ್ ಮಾತ್ರ ನೋಂದಣಿ ಕೈಗೆ ಬಂದ ಮೇಲೆಯೇ, ಅದಕ್ಕೆ ಮೊದಲು ಹಾಕಿದರೆ ದಂಡ ಇದೆ.

ಅಷ್ಟರವರೆಗೆ ಮಾಲು ಮಾರುವುದು ಹೇಗೆ ಅಂತೀರಾ? ಪ್ಲೇನ್ ಪೌಚ್ ತೆಗೆದುಕೊಂಡು ಮೇಲೆ ಸ್ಟಿಕ್ಕರ್ ಅಂಟಿಸಿ. ಸ್ಟಿಕ್ಕರ್ ಅನ್ನು ಕಡಿಮೆ ಸಂಖ್ಯೆಯಲ್ಲೂ ಮಾಡಿಸಬಹುದು. ಪರೀಕ್ಷಾ ವರದಿ ಬಂದು, ಅದರಲ್ಲಿ ಯಾರ ಹೆಸರೂ ಅಡ್ಡ ಬರದಿದ್ದರೆ ಆಗ ಸಿಲಿಂಡರ್ ಮಾತು ಆಡೋಣ. ನನ್ನ ಬಳಿ ಬಂದವರಿಗೆಲ್ಲ ಇದನ್ನೇ ಹೇಳುತ್ತೇನೆ, ಆರ್ಡರ್ ತಡವಾದರೂ ಪರವಾಗಿಲ್ಲ.

ವಕೀಲರ ನೋಟಿಸ್ ಏನಾದರೂ ಬಂದರೆ ಡ್ರಾಯರಿನಲ್ಲಿ ಇಟ್ಟು ಮರೆಯಬೇಡಿ. ನೋಂದಾಯಿತ ಹೆಸರಿನವರು ತಮ್ಮ ವ್ಯಾಪಾರ ಇರುವ ಊರಿನಲ್ಲೇ ದಾವೆ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ, ಅಂದರೆ ನೀವು ಹುಬ್ಬಳ್ಳಿಯಿಂದ ದೆಹಲಿಗೋ ಮುಂಬೈಗೋ ಓಡಾಡಬೇಕಾಗಬಹುದು. ನೋಟಿಸ್ ಬಂದ ವಾರದಲ್ಲೇ ವಕೀಲರನ್ನು ನೋಡಿ.

ಕೊನೆಯದಾಗಿ, ಮೊದಲ ದಿನದಿಂದ ಒಂದು ಫೈಲ್ ಇಡಿ. ಆ ಹೆಸರಿನಲ್ಲಿ ಕೊಟ್ಟ ಮೊದಲ ಬಿಲ್, ಸ್ಟಿಕ್ಕರ್ ಪ್ರಿಂಟ್ ಮಾಡಿಸಿದ ಬಿಲ್, ಮೇಳದಲ್ಲಿ ಸ್ಟಾಲ್ ಹಾಕಿದ ರಸೀದಿ, ತಾರೀಕು ಇರುವ ಜಾಹೀರಾತು, ಹುಡುಕಿದ ದಿನದ ಸರ್ಚ್ ಪ್ರಿಂಟ್‌ಔಟ್ ಎಲ್ಲವೂ ಅದರಲ್ಲಿ ಇರಲಿ. ನಾಳೆ ಯಾರಾದರೂ ನಿಮ್ಮ ಹೆಸರಿಗೆ ಕೈ ಹಾಕಿದರೆ, ಯಾವಾಗಿನಿಂದ ಬಳಸುತ್ತಿದ್ದೀರಿ ಎಂದು ಮೊದಲು ಕೇಳುತ್ತಾರೆ. ತಾರೀಕು ಇರುವ ಕಾಗದ ತೋರಿಸಿ ಉತ್ತರ ಕೊಡಬೇಕು.